ಹುತ್ತದ ಅಣಬೆಯ ಗುರುತು ನೆಲದೊಳಗಿದೆ

ಮೃಗಶಿರಾ ಮಳೆ ನಾಲ್ಕು ದಿನ ಹಿಡಿದು, ನಡುವೆ ಒಂದು ಹೊತ್ತು ಬಿಸಿಲು ಬಿದ್ದು, ರಾತ್ರಿ ಗುಡುಗಿದರೆ ಸಾಕು. ಮಲೆನಾಡು, ಕರಾವಳಿ, ಕೊಡಗಿನ ಕಡೆ ಮರುದಿನ ಬೆಳಿಗ್ಗೆ ಜನ ತೋಟದ ಅಂಚು, ಬೇಣ, ಗದ್ದೆಯ ಬದು ಎಲ್ಲ ಒಂದು ಸುತ್ತು ಹಾಕಿ ಬರುತ್ತಾರೆ. ಹುಡುಕುವುದು ಹುತ್ತದ ಅಣಬೆಯನ್ನು. ಸಿಕ್ಕಿದರೆ ಆ ಮನೆಯಲ್ಲಿ ಅವತ್ತು ಬೇರೆ ಪಲ್ಯದ ಮಾತೇ ಇಲ್ಲ. ಕೊಡಗಿನ ಕಕ್ಕಡ ತಿಂಗಳಲ್ಲಿ ಕಣಿಲೆಯ ಜೊತೆಗೆ ಕುಮ್ಮ್ ಕರಿಗೂ, ಅಂದರೆ ಅಣಬೆ ಸಾರಿಗೂ, ಜಾಗ ಇರುತ್ತದೆ. ತುಳುನಾಡಿನಲ್ಲಿ ಲಾಂಬಿನ (ಅಣಬೆಯ) ಗಸಿಗೆ ಕಾಯುವವರು ವರ್ಷವಿಡೀ ಕಾಯುತ್ತಾರೆ.

ತೊಂದರೆ ಏನು ಅಂದರೆ, ಅದೇ ಮಳೆಗೆ ಅದೇ ನೆಲದಲ್ಲಿ ಬೇರೆ ದೊಡ್ಡ ಬಿಳಿ ಅಣಬೆಗಳೂ ಏಳುತ್ತವೆ. ಕೆಲವು ತಿಂದರೆ ವಾಂತಿ ಮಾಡಿಸುತ್ತವೆ. ಕೆಲವು ಕೊಲ್ಲುತ್ತವೆ. ಮೇಲಿನಿಂದ ನೋಡಿದರೆ, ಅದರಲ್ಲೂ ಮೊಬೈಲ್ ಫೋಟೋದಲ್ಲಿ, ಇವು ಒಂದಕ್ಕೊಂದು ಸಾಕಷ್ಟು ಹೋಲುತ್ತವೆ. "ಇದು ತಿನ್ನೋ ಅಣಬೆನಾ?" ಅಂತ ವಾಟ್ಸಾಪಿನಲ್ಲಿ ಬರುವ ಫೋಟೋಗಳಲ್ಲಿ ಹೆಚ್ಚಿನವು ಕೊಡೆಯ ಮೇಲ್ಭಾಗದ್ದು. ಆ ಫೋಟೋ ನೋಡಿ ಹೌದು ಅನ್ನುವವರನ್ನು ದಯವಿಟ್ಟು ನಂಬಬೇಡಿ. ಫೋಟೋ ನೋಡಿ ಹೆಸರು ಹೇಳುವ ಆ್ಯಪ್‌ಗಳ ಕಷ್ಟವೂ ಇದೇ. ಈ ಅಣಬೆಯ ಖಚಿತ ಗುರುತು ಇರುವುದು ಕಣ್ಣಿಗೆ ಕಾಣದ ಕಡೆ, ಮಣ್ಣಿನ ಒಳಗೆ. ಯಾಕೆ ಅಂತ ಅರ್ಥವಾಗಬೇಕಾದರೆ ಇದು ಹುಟ್ಟುವ ಬಗೆ ತಿಳಿಯಬೇಕು.

ಗೆದ್ದಲಿಗೆ ಒಣ ಮರ, ತರಗೆಲೆ ಸಿಗುವುದು ಸುಲಭ, ಆದರೆ ಅದನ್ನು ಪೂರ್ತಿ ಜೀರ್ಣಿಸಿಕೊಳ್ಳುವುದು ಕಷ್ಟ. ಮರದ ಗಟ್ಟಿತನಕ್ಕೆ ಕಾರಣವಾದ ಲಿಗ್ನಿನ್ ಒಡೆಯುವ ಕೆಲಸದಲ್ಲಿ ಶಿಲೀಂಧ್ರಗಳದ್ದೇ ಮೇಲುಗೈ. ಆದ್ದರಿಂದ ಗೆದ್ದಲುಗಳ ಒಂದು ಗುಂಪು ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಶಿಲೀಂಧ್ರವನ್ನು ಸಾಕಲು ಶುರುಮಾಡಿತು. ನಮ್ಮ ಕಡೆ ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಗೆದ್ದಲುಗಳು ಈ ಗುಂಪಿನವು. ಕೆಲಸಗಾರ ಗೆದ್ದಲುಗಳು ಜಗಿದು ನುಂಗಿದ ಮರ, ಎಲೆಗಳು ಅರೆಬರೆ ಜೀರ್ಣವಾಗಿ ಹಿಕ್ಕೆಯಾಗಿ ಹೊರಬರುತ್ತವೆ. ಅದನ್ನೇ ಪೇರಿಸಿ ಗೂಡಿನ ಕೋಣೆಗಳಲ್ಲಿ ತೂತು ತೂತಾದ ಕಂದು ಗಡ್ಡೆ ಕಟ್ಟುತ್ತವೆ. ಅದರ ಮೇಲೆ ಶಿಲೀಂಧ್ರ ಬೆಳೆಯುತ್ತದೆ. ಹಳೆಯ ಹುತ್ತ ಅಗೆದವರು ಈ ಗಡ್ಡೆ ನೋಡಿರುತ್ತೀರಿ. ಅದರ ಮೈಮೇಲೆ ಸಾಸಿವೆ ಗಾತ್ರದ ಬಿಳಿ ಕಾಳುಗಳು ಇರುತ್ತವೆ. ಅವು ಗೆದ್ದಲಿನ ಮೊಟ್ಟೆ ಅಲ್ಲ, ಶಿಲೀಂಧ್ರವೇ. ಗೆದ್ದಲು ಆ ಕಾಳನ್ನೂ ತಿನ್ನುತ್ತದೆ, ಶಿಲೀಂಧ್ರ ಹದಮಾಡಿಕೊಟ್ಟ ಹಳೆಯ ಗಡ್ಡೆಯನ್ನೂ ತಿನ್ನುತ್ತದೆ. ಗೂಡಿನೊಳಗೆ ಬಿಸಿ ಸುಮಾರು 30 ಡಿಗ್ರಿ, ತೇವವೂ ಜಾಸ್ತಿ. ಎರಡೂ ಹೆಚ್ಚು ಏರಿಳಿಯದ ಹಾಗೆ ಗೆದ್ದಲು ನೋಡಿಕೊಳ್ಳುತ್ತದೆ.

ಈ ಶಿಲೀಂಧ್ರದ ಕುಲಕ್ಕೆ 1942ರಲ್ಲಿ ಟರ್ಮಿಟೊಮೈಸಿಸ್ ಅಂತ ಹೆಸರಿಟ್ಟವರು ಫ್ರಾನ್ಸಿನ ರೋಜರ್ ಹೈಮ್. 1979ರಲ್ಲಿ ನಟರಾಜನ್ ದಕ್ಷಿಣ ಭಾರತದ ಒಂದು ಜಾತಿಯನ್ನು ವಿವರಿಸಿ ಅದಕ್ಕೆ ಟರ್ಮಿಟೊಮೈಸಿಸ್ ಹೈಮಿಐ ಎಂದು ಅವರ ಹೆಸರನ್ನೇ ಇಟ್ಟರು. ಅದಲ್ಲದೆ ಯೂರೈಜಸ್, ಕ್ಲಿಪಿಯೇಟಸ್, ಮೈಕ್ರೊಕಾರ್ಪಸ್ ಅಂತ ಇನ್ನೂ ಹಲವು ಜಾತಿಗಳು ನಮ್ಮಲ್ಲಿವೆ. ನಮ್ಮ ದೊಡ್ಡ ಜಾತಿಗಳ ಕೊಡೆ 20 ಸೆಂ.ಮೀ. ಮೀರಿ ಹರಡುವುದುಂಟು. ಜಾಂಬಿಯಾದ ಟೈಟಾನಿಕಸ್ ಜಾತಿಯ ಕೊಡೆ 1 ಮೀಟರಿನಷ್ಟು ಅಗಲ ಆಗುತ್ತದೆ. ತಿನ್ನುವ ಅಣಬೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಮಳೆಗಾಲ ಬಂದಾಗ ನೆಲದಡಿಯ ಆ ಗಡ್ಡೆಯಿಂದಲೇ ಅಣಬೆ ಮೊಳೆಯುತ್ತದೆ. ಗೂಡು ಒಂದು ಗೇಣು ಆಳದಲ್ಲಿರಬಹುದು, ಎರಡು ಮೊಳ ಆಳದಲ್ಲೂ ಇರಬಹುದು. ಬೆಳಕಿಗೆ ಬರಬೇಕಾದರೆ ಅಷ್ಟೂ ಮಣ್ಣನ್ನು ಕೊರೆಯಬೇಕು. ಅದಕ್ಕೇ ಈ ಅಣಬೆಗೆ ಎರಡು ಅಂಗಗಳಿವೆ. ತಲೆಯ ನಡುವೆ ಗಟ್ಟಿಯಾದ, ಬಣ್ಣ ಗಾಢವಾದ ಒಂದು ಮೊನೆ. ಬುಡದಲ್ಲಿ ಗೂಡಿನವರೆಗೂ ಇಳಿದ ಉದ್ದನೆಯ ಬೇರಿನಂಥ ಕಾಲು. ಗುರುತು ಹಿಡಿಯುವ ಕೆಲಸವೆಲ್ಲ ಈ ಎರಡರಿಂದ ಶುರುವಾಗುತ್ತದೆ, ಅದರಲ್ಲೂ ಬೇರಿನಿಂದ.

ಆದ್ದರಿಂದ ಹೊಸ ಜಾಗದಲ್ಲಿ ಅಣಬೆ ಕಂಡರೆ ಮೊದಲು ಒಂದನ್ನು ಬುಡಸಮೇತ ಬಿಡಿಸಿ. ಚಾಕುವಿನಿಂದ ನೆಲಮಟ್ಟಕ್ಕೆ ಕೊಯ್ಯಬೇಡಿ. ಕೊಯ್ದರೆ ನಿಮಗೆ ಬೇಕಾದ ಸಾಕ್ಷಿಯನ್ನು ಮಣ್ಣಿನಲ್ಲೇ ಬಿಟ್ಟು ಬಂದಂತೆ. ಒಂದು ಕಡ್ಡಿಯಿಂದ ಸುತ್ತಲಿನ ಮಣ್ಣನ್ನು ಮೆಲ್ಲಗೆ ಬಿಡಿಸುತ್ತಾ ಕೆಳಗೆ ಇಳಿಯಿರಿ. ಹುತ್ತದ ಅಣಬೆಯಾದರೆ ಕಾಲು ಮುಗಿಯುವುದೇ ಇಲ್ಲ. ಮಣ್ಣಿನ ಮಟ್ಟದಲ್ಲಿ ಸ್ವಲ್ಪ ದಪ್ಪಗಾಗಿ, ಅಲ್ಲಿಂದ ಕೆಳಗೆ ಸಪೂರವಾಗುತ್ತಾ ಇಳಿಯುತ್ತದೆ. ನಾರುನಾರಾಗಿ ಗಟ್ಟಿ ಇರುತ್ತದೆ. ಬೇರಿನ ಹೊರಮೈ ಕೆಲವು ಜಾತಿಯಲ್ಲಿ ಬಿಳಿ, ಕೆಲವದರಲ್ಲಿ ಕಪ್ಪು ಕಂದು. ಬುಡದಲ್ಲಿ ಪೊರೆಯ ಚೀಲ ಇರುವುದಿಲ್ಲ, ಉಂಡೆಯಂಥ ಉಬ್ಬೂ ಇರುವುದಿಲ್ಲ. ತಾಳ್ಮೆ ಇದ್ದರೆ ಕೊನೆಗೆ ಆ ಕಂದು ಗಡ್ಡೆ ಮತ್ತು ಗೆದ್ದಲು ಸಿಗುತ್ತವೆ. ಒಂದು ಜಾಗದಲ್ಲಿ ಒಮ್ಮೆ ಹೀಗೆ ಖಚಿತಮಾಡಿಕೊಂಡರೆ ಪ್ರತಿ ಸಲ ಗೂಡಿನವರೆಗೆ ಹೋಗಬೇಕಿಲ್ಲ. ಆದರೆ ಪ್ರತಿಯೊಂದು ಅಣಬೆಯ ಬುಡವನ್ನೂ ನೋಡಲೇಬೇಕು. ಹುತ್ತದ ಅಣಬೆಗಳ ನಡುವೆ ಬೇರೆಯದೊಂದು ಎದ್ದಿರುವ ಸಾಧ್ಯತೆ ಯಾವಾಗಲೂ ಇರುತ್ತದೆ.

ಇಲ್ಲೊಂದು ಮಾತು. ಪಕ್ಕದಲ್ಲಿ ಹುತ್ತ ಇದೆ ಅನ್ನುವುದು ಪುರಾವೆ ಅಲ್ಲ. ಹುತ್ತದ ಮೇಲೆ, ಹುತ್ತದ ಬುಡದಲ್ಲಿ ಯಾವ ಅಣಬೆ ಬೇಕಾದರೂ ಏಳಬಹುದು. ಹಾಗೆಯೇ ಹುತ್ತ ಕಾಣುತ್ತಿಲ್ಲ ಅಂದ ಮಾತ್ರಕ್ಕೆ ಹುತ್ತದ ಅಣಬೆ ಅಲ್ಲ ಅಂತಲೂ ಹೇಳಲಾಗದು. ಎಷ್ಟೋ ಗೆದ್ದಲುಗಳು ಮೇಲೆ ಏನೂ ಕಟ್ಟದೆ ನೆಲದಡಿಯಲ್ಲೇ ಇರುತ್ತವೆ. ಗದ್ದೆಯ ನಡುವೆ, ಮನೆಯ ಅಂಗಳದಲ್ಲಿ ಗುಂಪಾಗಿ ಎದ್ದ ಅಣಬೆ ನೋಡಿ ಜನ ಬೆರಗಾಗುವುದು ಅದಕ್ಕೇ.

ಬುಡ ಆಯಿತು, ಈಗ ಮೇಲೆ ಬನ್ನಿ. ಕಾಲು ಒಳಗೆ ಗಟ್ಟಿ, ಟೊಳ್ಳಲ್ಲ. ಸೀಳಿದರೆ ಎಳೆಎಳೆಯಾಗಿ ಬರುತ್ತದೆ, ಬೇಯಿಸಿದಾಗ ಮಾಂಸದ ಹಾಗೆ ಜಗಿಯಲು ಸಿಗುವುದು ಈ ಎಳೆಗಳೇ. ಕೊಡೆಯ ಅಡಿಯ ತೆಳು ಗರಿಗಳು ಒತ್ತೊತ್ತಾಗಿರುತ್ತವೆ, ಕಾಲಿಗೆ ಅಂಟಿಕೊಂಡಿರುವುದಿಲ್ಲ ಅಥವಾ ಅಂಟಿಯೂ ಅಂಟದ ಹಾಗೆ ಇರುತ್ತವೆ. ಮೊದಲು ಬಿಳಿ, ಬಲಿತಂತೆ ನಸುಗುಲಾಬಿ. ಕೊಡೆ ಬಿಳಿ, ಬೂದು ಅಥವಾ ತಿಳಿ ಕಂದು. ಅಗಲವಾಗಿ ಅರಳಿದಾಗ ಅಂಚು ಸೀಳುತ್ತದೆ. ನಡುವಿನ ಮೊನೆ ಮಾತ್ರ ಅರಳಿದ ಮೇಲೂ ಉಳಿಯುತ್ತದೆ.

ಕಾಲಿನ ಮೇಲಿನ ಉಂಗುರದ ವಿಷಯದಲ್ಲಿ ಜನರ ನಡುವೆ ಜಗಳವೇ ಇದೆ. ಉಂಗುರ ಇದ್ದರೆ ವಿಷ ಅನ್ನುವವರಿದ್ದಾರೆ. ಹೈಮಿಐ ಜಾತಿಯಲ್ಲಿ ದಪ್ಪ ಉಂಗುರ ಇರುತ್ತದೆ, ಅದನ್ನು ಜನ ತಲೆಮಾರುಗಳಿಂದ ತಿನ್ನುತ್ತಿದ್ದಾರೆ. ಬೇರೆ ಕೆಲವು ಹುತ್ತದ ಅಣಬೆಗಳಲ್ಲಿ ಉಂಗುರವೇ ಇಲ್ಲ. ವಿಷದ ಅಣಬೆಗಳಲ್ಲೂ ಇರುತ್ತದೆ. ಹಾಗಾಗಿ ಉಂಗುರ ಒಂದರಿಂದಲೇ ಯಾವ ತೀರ್ಮಾನಕ್ಕೂ ಬರಬೇಡಿ.

ಬೀಜಕಣದ ಬಣ್ಣ ನೋಡುವುದು ಒಳ್ಳೆಯ ಪರೀಕ್ಷೆ, ಖರ್ಚೂ ಇಲ್ಲ. ಅರಳಿದ ಒಂದು ಕೊಡೆಯನ್ನು ಕಾಲಿನಿಂದ ಬಿಡಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಗರಿ ಕೆಳಗಾಗಿ ಇಡಿ. ಮೇಲೊಂದು ಪಾತ್ರೆ ಕವುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಾಗದದ ಮೇಲೆ ಪುಡಿಯ ಅಚ್ಚು ಬಿದ್ದಿರುತ್ತದೆ. ಹುತ್ತದ ಅಣಬೆಯದಾದರೆ ಅದು ನಸುಗುಲಾಬಿ. ಅಚ್ಚು ಹಸಿರಾಗಿದ್ದರೆ ಅಥವಾ ಬೆಳ್ಳಗಿದ್ದರೆ ಅದು ಬೇರೆ ಅಣಬೆ, ಪೂರ್ತಿ ಬುಟ್ಟಿ ಚೆಲ್ಲಿ. ಆದರೆ ಗುಲಾಬಿ ಬಂದ ಕೂಡಲೇ ಒಲೆ ಹಚ್ಚಬೇಡಿ. ಎಂಟೊಲೋಮಾ ಅನ್ನುವ ಗುಂಪಿನ ಅಣಬೆಗಳ ಅಚ್ಚೂ ಗುಲಾಬಿ, ಅದರಲ್ಲಿ ವಿಷದವು ಇವೆ. ಅವುಗಳ ಗರಿ ಕಾಲಿಗೆ ಅಂಟಿರುತ್ತದೆ, ಉದ್ದ ಬೇರು ಇರುವುದಿಲ್ಲ. ಇನ್ನೊಂದು ಕಡೆ, ಉದ್ದ ಬೇರು ಇದ್ದೂ ಅಚ್ಚು ಬೆಳ್ಳಗೆ ಬೀಳುವ ಹೈಮೆನೊಪೆಲ್ಲಿಸ್ ಅಣಬೆಯಿದೆ. ಅದು ಹೂತುಹೋದ ಮರದ ಮೇಲೆ ಬೆಳೆಯುತ್ತದೆ, ಕೊಡೆ ಒದ್ದೆಯಾದಾಗ ಲೋಳೆಲೋಳೆ, ಗರಿಗಳ ನಡುವೆ ಜಾಸ್ತಿ ಅಂತರ. ಅಂದರೆ ಬೇರು, ಮೊನೆ, ಗರಿ, ಅಚ್ಚಿನ ಬಣ್ಣ ಎಲ್ಲವೂ ಒಟ್ಟಿಗೆ ಹೊಂದಬೇಕು. ಒಂದು ತಪ್ಪಿದರೂ ಆ ಅಣಬೆ ಬೇಡ.

ಇನ್ನು ಯಾವುದನ್ನು ಕಂಡು ಹೆದರಬೇಕು ಅನ್ನುವುದು.

ಮೊದಲನೆಯದು ಹುಲ್ಲುಹಾಸಿನ ಮೇಲೆ, ಪಾರ್ಕಿನಲ್ಲಿ, ಮೈದಾನದಲ್ಲಿ, ಕೊಟ್ಟಿಗೆ ಗೊಬ್ಬರ ಬಿದ್ದ ಕಡೆ ಏಳುವ ದೊಡ್ಡ ಬಿಳಿ ಕೊಡೆ. ಕ್ಲೋರೊಫಿಲಮ್ ಮೊಲಿಬ್ಡೈಟಿಸ್ ಅಂತ ಹೆಸರು. ಕೊಡೆ 10ರಿಂದ 30 ಸೆಂ.ಮೀ., ಮೇಲೆ ಕಂದು ಚಕ್ಕೆಗಳು, ಕಾಲಿನಲ್ಲಿ ಮೇಲೆ ಕೆಳಗೆ ಸರಿಯುವ ಉಂಗುರ. ನೋಡಲು ತುಂಬ ಚೆಂದ, ಅದೇ ಅಪಾಯ. ಎಳೆಯದರ ಗರಿ ಬೆಳ್ಳಗೆ ಇರುತ್ತದೆ. ಬಲಿತ ಮೇಲಷ್ಟೇ ಬೂದು ಹಸಿರಾಗುತ್ತದೆ. ಹಸಿರು ಅಚ್ಚು ಬೀಳುವ ಅಣಬೆಗಳು ತೀರಾ ಅಪರೂಪ, ಆದ್ದರಿಂದ ಅಚ್ಚು ತೆಗೆದವರು ಇದರಲ್ಲಿ ಮೋಸಹೋಗುವುದಿಲ್ಲ. ಎಳೆಯದನ್ನು ನೋಡಿ ನೇರ ಬಾಣಲೆಗೆ ಹಾಕಿದವರಿಗೆ ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ಹಿಂಡಿ ವಾಂತಿಭೇದಿ ಶುರು. ದೊಡ್ಡವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ, ಆದರೆ ಮಕ್ಕಳಿಗೆ, ವಯಸ್ಸಾದವರಿಗೆ ನೀರಿನಂಶ ಹೋಗಿ ಗಂಭೀರವಾಗಬಹುದು. ಬೆಂಗಳೂರಿನಂಥ ಊರಿನ ಹುಲ್ಲುಹಾಸಿನಲ್ಲಿ ದೊಡ್ಡ ಬಿಳಿ ಅಣಬೆ ಕಂಡರೆ ಮೊದಲು ಇದೇ ಇರಬೇಕು ಅಂದುಕೊಳ್ಳಿ.

ಎರಡನೆಯದು ಅಮಾನಿಟಾ. ಇದರ ಎಲ್ಲ ಜಾತಿಗಳೂ ಕೊಲ್ಲುವುದಿಲ್ಲ, ಆದರೆ ಕೊಲ್ಲುವ ಜಾತಿಗಳು ಅಣಬೆ ಲೋಕದಲ್ಲೇ ಅತಿ ಭಯಂಕರ. ಗರಿ ಬಿಳಿ, ಬಲಿತರೂ ಬಿಳಿ. ಅಚ್ಚು ಬಿಳಿ. ಕಾಲಿನಲ್ಲಿ ಉಂಗುರ, ಬುಡದಲ್ಲಿ ಚೀಲ. ಆ ಚೀಲ ಮಣ್ಣಿನೊಳಗೆ ಹುದುಗಿರುತ್ತದೆ. ಬುಡ ಬಿಟ್ಟು ಕೊಯ್ದವನಿಗೆ ಅದು ಕಾಣುವುದೇ ಇಲ್ಲ. ಎಳೆಯ ಅಮಾನಿಟಾ ಪೂರ್ತಿ ಪೊರೆಯಲ್ಲಿ ಸುತ್ತಿಕೊಂಡು ಬಿಳಿ ಮೊಟ್ಟೆಯ ಆಕಾರದಲ್ಲಿರುತ್ತದೆ. ಕರಾವಳಿಯಲ್ಲಿ ಉಂಡೆಯಂತಿರುವ ಕಲ್ಲಣಬೆ ಆರಿಸುವವರು, ಮೊಗ್ಗಿನ ಅಣಬೆಗೇ ರುಚಿ ಜಾಸ್ತಿ ಅಂತ ಹುಡುಕುವವರು ಇದನ್ನು ಗಮನಿಸಲೇಬೇಕು. ಪ್ರತಿ ಉಂಡೆಯನ್ನೂ ಮೇಲಿನಿಂದ ಕೆಳಗೆ ಸೀಳಿ ನೋಡಿ. ಎಳೆಯ ಕಲ್ಲಣಬೆಯ ಒಳಗೆ ಒಂದೇ ಸಮ ಬಿಳಿ ತಿರುಳು. ಅಮಾನಿಟಾದ ಒಳಗೆ ಪುಟ್ಟ ಕೊಡೆ, ಕಾಲು, ಗರಿಯ ರೂಪ ಕಾಣುತ್ತದೆ.

ಅಮಾನಿಟಾದ ಅಮಾಟಾಕ್ಸಿನ್ ವಿಷ ಕುದಿಸಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ರುಚಿಯಲ್ಲೂ ಸುಳಿವು ಇಲ್ಲ. ತಿಂದು ಬದುಕುಳಿದ ಎಷ್ಟೋ ಜನ ಅದು ರುಚಿಯಾಗಿತ್ತು ಅಂದಿದ್ದಾರೆ. ತಿಂದ ಮೇಲೆ 6ರಿಂದ 12 ಗಂಟೆ, ಕೆಲವೊಮ್ಮೆ ಒಂದು ದಿನ, ಏನೂ ಆಗುವುದಿಲ್ಲ. ಆಮೇಲೆ ವಿಪರೀತ ವಾಂತಿಭೇದಿ. ಅದು ಕಡಿಮೆಯಾದಾಗ ಎಲ್ಲ ಸರಿಹೋಯಿತು ಅನ್ನಿಸುತ್ತದೆ, ಮನೆಯವರು ಆಸ್ಪತ್ರೆಯಿಂದ ಕರೆದುಕೊಂಡು ಹೋಗಿಬಿಡುವುದೂ ಉಂಟು. ಅದೇ ಹೊತ್ತಿಗೆ ಒಳಗೆ ಯಕೃತ್ತಿನ ಜೀವಕೋಶಗಳು ಸಾಯುತ್ತಿರುತ್ತವೆ. ಹೊಸ ಪ್ರೋಟೀನ್ ತಯಾರಿಸಲು ಕೋಶಕ್ಕೆ ಬೇಕಾದ ಕಿಣ್ವವನ್ನೇ ಈ ವಿಷ ತಡೆಯುತ್ತದೆ. ಮೂರ್ನಾಲ್ಕು ದಿನಕ್ಕೆ ಯಕೃತ್ತು ಸೋಲುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕಾಡು ಅಣಬೆ ತಿಂದು ದಿಬ್ರುಗಢದ ವೈದ್ಯಕೀಯ ಕಾಲೇಜು ಆಸ್ಪತ್ರೆ ಸೇರಿದವರಲ್ಲಿ 13 ಮಂದಿ ತೀರಿಕೊಂಡರು. ಬಹುಪಾಲು ಚಹಾ ತೋಟದ ಕಾರ್ಮಿಕ ಕುಟುಂಬದವರು. ಕಾಡು ಮೇಡು ಗೊತ್ತಿಲ್ಲದವರೇನಲ್ಲ ಅವರು.

ಇಷ್ಟಾದರೂ ಊರಿನಲ್ಲಿ ಸುಮ್ನೆ ನಂಬಿಕೊಂಡು ಬಂದ ಪರೀಕ್ಷೆಗಳು ನಿಂತಿಲ್ಲ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿ, ಕಪ್ಪಾಗದಿದ್ದರೆ ತಿನ್ನಬಹುದು. ಅಕ್ಕಿ ಅಥವಾ ಬೆಳ್ಳುಳ್ಳಿ ಬಣ್ಣ ತಿರುಗದಿದ್ದರೆ ತಿನ್ನಬಹುದು. ಹುಳ ತಿಂದಿದ್ದರೆ ನಾವೂ ತಿನ್ನಬಹುದು. ಅರಿಶಿನ ಹಾಕಿದರೆ ವಿಷ ಹೋಗುತ್ತದೆ. ಒಂದೂ ನಿಜವಲ್ಲ. ಅಮಾಟಾಕ್ಸಿನ್ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಗೊಂಡೆಹುಳುಗಳು ಕೊಲ್ಲುವ ಅಮಾನಿಟಾವನ್ನೂ ಆರಾಮವಾಗಿ ಮೇಯುತ್ತವೆ. ಬಣ್ಣಬಣ್ಣದ್ದು ವಿಷ, ಬಿಳಿಯದು ಒಳ್ಳೆಯದು ಅನ್ನುವುದಂತೂ ತಲೆಕೆಳಗಾದ ಮಾತು, ಅತಿ ಹೆಚ್ಚು ಕೊಲ್ಲುವವುಗಳಲ್ಲಿ ಅಚ್ಚ ಬಿಳಿಯವೇ ಇವೆ. ಹಿರಿಯರು ಇಷ್ಟು ಕಾಲ ಕ್ಷೇಮವಾಗಿ ತಿಂದದ್ದು ಬೆಳ್ಳಿ ನಾಣ್ಯದಿಂದಲ್ಲ. ಇಂಥ ಹೊಲದ ಇಂಥ ಮೂಲೆಯಲ್ಲಿ, ಇಂಥ ಮಳೆಗೆ, ಇಂಥದ್ದು ಏಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಗೂಡು ವರ್ಷಗಟ್ಟಲೆ ಇರುವುದರಿಂದ ಅಣಬೆಯೂ ಅದೇ ಜಾಗದಲ್ಲಿ ಮತ್ತೆ ಬರುತ್ತದೆ. ಆ ಜಾಗವನ್ನು ಮನೆಯವರಿಗಷ್ಟೇ ಹೇಳುತ್ತಿದ್ದರು. ಅಂಥ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಈ ಮಳೆಗಾಲದಲ್ಲೇ ಅವರ ಜೊತೆ ಹೋಗಿ, ಬುಡ ಬಿಡಿಸುವುದನ್ನು ಕಣ್ಣಾರೆ ನೋಡಿ ಕಲಿಯಿರಿ.

ಆ ತಿಳಿವಳಿಕೆ ಆ ನೆಲಕ್ಕೆ ಸೇರಿದ್ದು, ಊರು ಬಿಟ್ಟರೆ ಜೊತೆಗೆ ಬರುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಅಣಬೆ ಸಾಕುವ ಗೆದ್ದಲು ಇರುವುದು ಆಫ್ರಿಕಾ ಮತ್ತು ಏಷ್ಯಾದ ಬೆಚ್ಚನೆಯ ಭಾಗಗಳಲ್ಲಿ ಮಾತ್ರ. ಅಮೆರಿಕದಲ್ಲಿ ಇಲ್ಲ, ಯುರೋಪಿನಲ್ಲಿ ಇಲ್ಲ, ಆಸ್ಟ್ರೇಲಿಯಾದಲ್ಲೂ ಇಲ್ಲ. ಅಂಥ ಗೆದ್ದಲು ಇಲ್ಲ ಅಂದ ಮೇಲೆ ಹುತ್ತದ ಅಣಬೆಯೂ ಇಲ್ಲ. ಮೆಲ್ಬರ್ನ್ ಅಥವಾ ಕ್ಯಾಲಿಫೋರ್ನಿಯಾದ ಹಿತ್ತಿಲಲ್ಲಿ ಊರಿನ ಅಣಬೆ ಸಿಕ್ಕಿತು ಅನ್ನಿಸಿದರೆ ಅದು ಖಂಡಿತ ಬೇರೆಯದು. ಆ ಎರಡೂ ಕಡೆ ಓಕ್ ಮರಗಳ ಕೆಳಗೆ ಅಮಾನಿಟಾ ಫ್ಯಾಲೋಯ್ಡಿಸ್ ಎಂಬ ಕೊಲ್ಲುವ ಅಣಬೆ ನೆಲೆ ನಿಂತಿದೆ. ಏಷ್ಯಾದಿಂದ ಹೋದವರು ಅದನ್ನು ತಮ್ಮೂರಿನ ಭತ್ತದ ಹುಲ್ಲಿನ ಅಣಬೆ ಅಂದುಕೊಂಡು ತಿಂದು ಸತ್ತ ಪ್ರಕರಣಗಳಿವೆ. ಹುಲ್ಲಿನ ಅಣಬೆಯ ಬುಡದಲ್ಲೂ ಚೀಲ ಇರುತ್ತದೆ ನೋಡಿ, ಅದಕ್ಕೇ ಈ ಗೊಂದಲ. ಕ್ಯಾನ್‌ಬೆರಾದಲ್ಲಿ 2011ರ ಕೊನೆಯ ದಿನದ ಊಟದಲ್ಲಿ ಈ ಅಣಬೆ ತಿಂದವರಲ್ಲಿ ಇಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು.

ಗುರುತು ಸರಿಯಿದ್ದರೂ ಜಾಗ ನೋಡಬೇಕು. ಅಣಬೆ ಮಣ್ಣಿನಲ್ಲಿರುವ ಲೋಹಗಳನ್ನು ಚೆನ್ನಾಗಿ ಹೀರುತ್ತದೆ. ಹೆದ್ದಾರಿ ಬದಿ, ಕಾರ್ಖಾನೆಯ ಪಕ್ಕ ಬೇಡ. ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೊ ಮಿಶ್ರಣ ಹೊಡೆಯುವುದು ಸರಿಯಾಗಿ ಅಣಬೆ ಏಳುವ ಹೊತ್ತಿಗೇ. ಮೈತುತ್ತ ಬೆರೆತ ನೀರು ತೊಟ್ಟಿಕ್ಕಿದ ಅಣಬೆ ತಿನ್ನುವುದು ಬೇಡ ಅಲ್ವಾ? ತಂದದ್ದನ್ನು ಅಚ್ಚು ನೋಡಿ ಖಚಿತವಾದ ಮೇಲೆ ತಡಮಾಡದೆ ಚೆನ್ನಾಗಿ ಬೇಯಿಸಿ ತಿನ್ನಿ, ಒಂದೆರಡು ದಿನಕ್ಕೆ ಹುಳ ಹಿಡಿದು ಹಾಳಾಗುತ್ತದೆ. ಯಾವ ಕಾಡು ಅಣಬೆಯನ್ನೂ ಹಸಿಯಾಗಿ ತಿನ್ನಬೇಡಿ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿನ್ನಿ. ಅಡುಗೆಗೆ ಮುಂಚೆ ಬುಡಸಮೇತ ಒಂದು ಹಸಿ ಅಣಬೆಯನ್ನು ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಕೊಳೆಯುತ್ತದೆ. ಯಾರಿಗಾದರೂ ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತಾ ಕೂರದೆ ಆ ಅಣಬೆಯನ್ನೂ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಎಷ್ಟು ಗಂಟೆಗೆ ತಿಂದದ್ದು, ಎಷ್ಟು ಗಂಟೆಗೆ ವಾಂತಿ ಶುರುವಾದದ್ದು ಎರಡನ್ನೂ ವೈದ್ಯರಿಗೆ ಹೇಳಿ. ಊಟವಾಗಿ 6 ಗಂಟೆ ಕಳೆದ ಮೇಲೆ ಶುರುವಾದರೆ ಅದೇ ಹೆಚ್ಚು ಅಪಾಯದ ಲಕ್ಷಣ. ಬೇಗ ಶುರುವಾಯಿತು ಅಂತ ನಿರಾಳವಾಗಲೂ ಬೇಡಿ, ಬುಟ್ಟಿಯಲ್ಲಿ ಎರಡು ಬಗೆಯ ಅಣಬೆ ಬೆರೆತಿರಬಹುದು. ಅದೇ ಊಟ ಮಾಡಿದ ಎಲ್ಲರನ್ನೂ ಕರೆದುಕೊಂಡು ಹೋಗಿ, ಅವರು ಚೆನ್ನಾಗಿ ಕಂಡರೂ ಸರಿ.

ಚಿಕ್ಕದೊಂದು ಜಾತಿಯ ಬಗ್ಗೆ ಹೇಳದಿದ್ದರೆ ಕೆಲವರಿಗೆ ಗೊಂದಲ ಆಗುತ್ತದೆ. ಮೈಕ್ರೊಕಾರ್ಪಸ್ ಜಾತಿಯ ಅಣಬೆ ಒಂದೆರಡು ಸೆಂ.ಮೀ. ಅಗಲದ್ದು, ನೂರಾರು ಒಟ್ಟಿಗೆ ನೆಲ ಮುಚ್ಚುತ್ತವೆ. ಗೆದ್ದಲುಗಳೇ ಗೂಡಿನ ಗಡ್ಡೆಯನ್ನು ಚೂರು ಚೂರಾಗಿ ಹೊರಗೆ ತಂದು ಹಾಕುತ್ತವೆ, ಅದರಿಂದ ಇದು ಮೊಳೆಯುತ್ತದೆ. ಹಾಗಾಗಿ ಉದ್ದ ಬೇರು ಇರುವುದಿಲ್ಲ. ಮೇಲೆ ಹೇಳಿದ ಪರೀಕ್ಷೆ ಇದಕ್ಕೆ ನಡೆಯುವುದಿಲ್ಲ. ಪಕ್ಕಾ ಗೊತ್ತಿರುವವರು ಜೊತೆಗಿಲ್ಲದಿದ್ದರೆ ಇದನ್ನು ಬಿಟ್ಟುಬಿಡಿ.

ಹುತ್ತದ ಅಣಬೆಯನ್ನು ಬೆಳೆಸಿ ಮಾರುವುದು ಇನ್ನೂ ಸಾಧ್ಯವಾಗಿಲ್ಲ. ಮಾರುಕಟ್ಟೆಯಲ್ಲಿ ಸಿಗುವುದೆಲ್ಲ ಕಾಡು, ತೋಟಗಳಿಂದ ಬಂದದ್ದು. ಜೆಸಿಬಿ ಬಂದು ನೆಲ ಸಮ ಮಾಡಿದ ಕಡೆ ಗೂಡು ಹೋಗುತ್ತದೆ, ಅದರ ಜೊತೆ ಅಣಬೆಯೂ ಹೋಗುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಆದ್ದರಿಂದ ಗುರುತಿಗೆ ಅಂತ ಒಂದನ್ನು ಅಗೆದರೆ ಸಾಕು, ಗೂಡು ಒಡೆಯಬೇಡಿ, ಬಿಡಿಸಿದ ಮಣ್ಣನ್ನು ಮುಚ್ಚಿ. ಪೂರ್ತಿ ಅರಳಿದ ನಾಲ್ಕೈದನ್ನು ಅಲ್ಲೇ ಬಿಡಿ. ಮಳೆಗಾಲದಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲುಗಳಲ್ಲಿ ಕೆಲವು ಜೋಡಿಗಳು ಹೊಸ ಗೂಡು ಶುರುಮಾಡುತ್ತವೆ. ನಮ್ಮ ಕಡೆಯ ಒಡೊಂಟೊಟರ್ಮಿಸ್ ಜೋಡಿ ಹೊರಡುವಾಗ ತಾಯಿಗೂಡಿನ ಶಿಲೀಂಧ್ರವನ್ನು ಜೊತೆಗೆ ಒಯ್ಯುವುದಿಲ್ಲ. ಅವುಗಳ ಮೊದಲ ಮರಿಗಳು ಬಲಿತು ಹೊರಗೆ ಬಂದಾಗ, ಅರಳಿದ ಕೊಡೆಗಳಿಂದ ಉದುರಿದ ಬೀಜಕಣಗಳನ್ನು ಮಣ್ಣು, ತರಗೆಲೆಯಿಂದ ಹೆಕ್ಕಿ ಒಯ್ದು ಹೊಸ ಗಡ್ಡೆ ಕಟ್ಟುತ್ತವೆ.